ಪದ್ದಕ್ಕ ಕತ್ತರಿಸಿದ ದಡ

ಮೀನಿನ ಗಾಡಿಯ ಹಾರ್ನ್ ಇನ್ನೂ ಕೇಳಿಸಿಲ್ಲ. ಸಾಸ್ತಾನದ ಹೆದ್ದಾರಿಯಿಂದ ಪಡುವಣಕ್ಕೆ ಇಳಿಯುವ ಕಿರುದಾರಿಯ ಕೊನೆಯ ಹೆಂಚಿನ ಮನೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ, ಚಾವಡಿಯ ನೆಲದಲ್ಲೇ ತೋಡಿದ ಕುಳಿಗೆ ಕಾಲಿಳಿಬಿಟ್ಟು ಪದ್ಮಾವತಿ ಶೆಟ್ಟಿಗಾರ್ ಮಗ್ಗದ ಮುಂದೆ ಕೂತಿದ್ದಾರೆ. ಊರಿಗೆಲ್ಲ ಅವರು ಪದ್ದಕ್ಕ. ಮೊದಲು ಅಂಗೈಯ ಹಿಂಬದಿಯನ್ನು, ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಮೆಲ್ಲಗೆ ಆಡಿಸುತ್ತಾರೆ. ಕಡಲ ಗಾಳಿಗೆ ನೂಲು ಎಷ್ಟು ತೇವ ಕುಡಿದಿದೆ ಎಂಬುದು ಆ ಕೈಗೆ ತಿಳಿಯಬೇಕು, ಇಲ್ಲದಿದ್ದರೆ ದಿನವಿಡೀ ಎಳೆ ಕಡಿಯುತ್ತಲೇ ಇರುತ್ತದೆ. ಆಮೇಲೆ ಕನ್ನಡಕ ಏರಿಸಿಕೊಂಡು, ಎದುರಿನ ಕಂಬಕ್ಕೆ ಎರಡು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಹಳೆಯ ಮೊಬೈಲನ್ನು ಬೆರಳಿನಿಂದ ಒತ್ತುತ್ತಾರೆ.

ಮೊಬೈಲಿನಲ್ಲಿ ಚೌಕಗಳ ಒಂದು ಸಾಲು ಮೂಡುತ್ತದೆ. ಬಿಳಿ ಚೌಕ ಬಂದಲ್ಲಿ ಲಾಳಿ ಸುಮ್ಮನೆ ದಾಟಬೇಕು. ಬಣ್ಣದ ಚೌಕ ಬಂದಲ್ಲಿ ಆ ಬಣ್ಣದ ಪುಟ್ಟ ನೂಲುಂಡೆಯನ್ನು ಕೈಯಿಂದಲೇ ಹಾಸಿನೊಳಗೆ ನುಗ್ಗಿಸಬೇಕು. ಪದ್ದಕ್ಕ ಎಣಿಸುತ್ತಾರೆ, ನುಗ್ಗಿಸುತ್ತಾರೆ, ಲಾಳಿ ಎಸೆಯುತ್ತಾರೆ, ಹಣಿಗೆಯನ್ನು ಎದೆಯ ಕಡೆಗೆ ಎಳೆದು ಬಡಿಯುತ್ತಾರೆ. ಕಾಲಿನಿಂದ ಹಲಗೆ ತುಳಿದಾಗ ಕುಳಿಯೊಳಗೆ ‘ಟಿಕ್’ ಎನ್ನುತ್ತದೆ, ಮೊಬೈಲಿನಲ್ಲಿ ಮುಂದಿನ ಸಾಲು ಬಂದು ನಿಲ್ಲುತ್ತದೆ. ಕೋಟದಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿರುವ ಸುಶಾಂತ್ ಹಾಳಾದ ಕಂಪ್ಯೂಟರ್ ಮೌಸ್ ಒಂದನ್ನು ಬಿಚ್ಚಿ ಆ ಹಲಗೆಯ ಅಡಿಗೆ ಕೂರಿಸಿಕೊಟ್ಟಿದ್ದಾನೆ.

ಮಗ್ಗದ ಮೇಲೆ ಈಗ ಇರುವುದು ನೇಕಾರರ ಸಂಘಕ್ಕೆ ಕೊಡಬೇಕಾದ ಸೀರೆ. ತಿಳಿ ಹಳದಿ ಮೈ, ಸೆರಗಿನಲ್ಲಿ ಸಾಲು ಸಾಲು ಏಡಿಗಳು. ಹೋದ ತಿಂಗಳು ಇದೇ ಏಡಿಯಿಂದ ಮನೆಯಲ್ಲಿ ಒಂದು ಪುಟ್ಟ ಯುದ್ಧವಾಗಿತ್ತು. ಪದ್ದಕ್ಕನ ಗಂಡ ನಾಗಪ್ಪ ಶೆಟ್ಟಿಗಾರ್ ಮೊಬೈಲಿನ ಧೂಳು ಒರೆಸಲು ಹೋಗಿ ಎಲ್ಲಿಗೋ ಬೆರಳು ತಾಗಿಸಿದರು, ಚಿತ್ರ ಅಡ್ಡಕ್ಕೆ ತಿರುಗಿತು. ಪದ್ದಕ್ಕ ಗಮನಿಸದೆ ನೇಯ್ದೇ ನೇಯ್ದರು. “ಏಡಿ ನೆಟ್ಟಗೆ ನಡುದ್ ಎಲ್ಲಾರೂ ಕಂಡಿದ್ರಿಯಾ? ನನ್ ಸೆರಗಗೆ ನಡೀತ್ ಕಾಣಿ,” ಎಂದು ಈಗ ನಗುತ್ತಾರೆ. ಅಂದು ನಕ್ಕಿರಲಿಲ್ಲ. ನೇಯ್ದದ್ದನ್ನೆಲ್ಲ ಎಳೆ ಎಳೆಯಾಗಿ ಬಿಚ್ಚುವಷ್ಟು ಹೊತ್ತೂ ಗಂಡನಿಗೆ ಚಾ ಸಿಕ್ಕಿರಲಿಲ್ಲವಂತೆ.

ಪದ್ದಕ್ಕನಿಗೆ ಈಗ ಅರವತ್ತರ ಹತ್ತಿರ. ಹುಟ್ಟಿದ್ದು ಬಸ್ರೂರಿನ ನೇಕಾರರ ಮನೆಯಲ್ಲಿ, ಮದುವೆಯಾಗಿ ಬಂದದ್ದೂ ನೇಕಾರರ ಮನೆಗೆ. ಮಗ್ಗದ ಸದ್ದಿಲ್ಲದ ಮನೆಯಲ್ಲಿ ತಾನು ಮಲಗಿದ್ದೇ ಇಲ್ಲ ಎನ್ನುತ್ತಾರೆ. ಬಂದಾಗ ಈ ದಾರಿಯಲ್ಲಿ ಮನೆಗೊಂದು ಮಗ್ಗ. ಎಲ್ಲರೂ ಉಡುಪಿ ಸೀರೆ ನೇಯುವವರೇ, ಹತ್ತಿಯ ತೆಳು ಮೈ, ಚಿಕ್ಕ ಚೌಕುಳಿ, ಎರಡು ಬಗೆಯ ಅಂಚು. ಆಮೇಲೆ ಒಬ್ಬೊಬ್ಬರಾಗಿ ಬಿಟ್ಟರು. ಕುಳಿಗೆ ಮಣ್ಣು ತುಂಬಿಸಿ, ಮೇಲೆ ಟೈಲ್ಸ್ ಹಾಕಿಸಿದರು. ಈಗ ಆ ಮನೆಗಳಲ್ಲಿ ಟಿ.ವಿ. ನಿಂತಿರುವುದು ಮಗ್ಗ ಇದ್ದ ಜಾಗದಲ್ಲಿ. ನಾಗಪ್ಪಯ್ಯನೂ ಬಿಟ್ಟವರೇ. ಲಾಳಿ ಎಸೆದು ಎಸೆದು ಭುಜ ಬಿದ್ದುಹೋಯಿತೆಂದು ಗೇರುಬೀಜದ ಕಾರ್ಖಾನೆ ಸೇರಿದರು, ಅಲ್ಲಿಂದ ನಿವೃತ್ತರಾಗಿ ಮನೆಗೆ ಬಂದು ಈಗ ಹೆಂಡತಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡುತ್ತಾರೆ. ಬಿಟ್ಟ ಕೆಲಸ ಹೀಗೆ ಹಿಂಬಾಗಿಲಿನಿಂದ ಬಂದು ಕೊರಳಿಗೆ ಬಿತ್ತಲ್ಲ ಎಂದು ಅವರನ್ನು ಕಿಚಾಯಿಸದ ನೆಂಟರಿಲ್ಲ.

ಮಳೆಗಾಲ ಈ ಕೆಲಸದ ಶತ್ರು. ಮಳೆ ಜಡಿಯುವ ಆಟಿ ತಿಂಗಳಲ್ಲಿ ಕುಳಿಯ ಅಡಿಯಿಂದಲೇ ನೀರು ಒಸರುತ್ತದೆ. ಬೆಳಿಗ್ಗೆ ಎದ್ದು ಮೊದಲು ಬಾಲ್ದಿಯಲ್ಲಿ ನೀರು ಮೊಗೆದು ಹೊರಹಾಕಬೇಕು, ಆಮೇಲೆ ಕಾಲಿಳಿಸಬೇಕು. ಹಾಸಿನ ನೂಲಿಗೆ ಹಾಕಿದ ಗಂಜಿಗೆ ಬೂಸ್ಟು ಹಿಡಿಯುತ್ತದೆ. ಮಂಡಿ ಹೇಳಿದ ಮಾತು ಕೇಳುವುದಿಲ್ಲ. ಸಾದಾ ಸೀರೆಯಾದರೆ ಹೇಗೋ ಸಾಗುತ್ತದೆ, ಮೊಬೈಲಿನ ಚಿತ್ರ ನೇಯಲು ಕೂತರೆ ದಿನಕ್ಕೆ ಒಂದು ಗೇಣು ಬಟ್ಟೆ ಇಳಿದರೆ ಹೆಚ್ಚು.

ಇಷ್ಟೆಲ್ಲ ಹೇಳುವಾಗ ಪದ್ದಕ್ಕನ ದನಿಯಲ್ಲಿ ದೂರು ಇಲ್ಲ. ಅವರಿಗೆ ಒಂದೇ ಒಂದು ಕೊರಗು, ಅದನ್ನು ಹೇಳುವಾಗ ಮಾತ್ರ ಲಾಳಿ ನಿಲ್ಲುತ್ತದೆ. ಹತ್ತು ಹದಿನೈದು ವರ್ಷದ ಹಿಂದೆ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಬೈಂದೂರು ಬಸ್ಸಿಗೆ ಕಾದು ನಿಂತಿದ್ದರು. ಎದುರಿಗೆ ನಿಂತಿದ್ದ ಹೆಂಗಸೊಬ್ಬರು ಉಟ್ಟದ್ದು ಇವರೇ ನೇಯ್ದ ಸೀರೆ. ಅಂಚಿನಲ್ಲಿ ಒಂದು ಎಳೆ ತಪ್ಪಿತ್ತು, ಅದು ಮಗಳಿಗೆ ಜ್ವರ ಬಂದ ದಿನ ಆದ ತಪ್ಪು. ಹಾಗಾಗಿ ಅನುಮಾನವೇ ಇಲ್ಲ. “‘ಹ್ವಾಯ್, ಅದ್ ನಾ ನೇಯ್ದದ್’ ಅಂದೇಳಿ ನಾಲಗಿ ತುದಿಗೆ ಬಂದಿತ್ತ್. ಹೇಳ್ರೆ ಅವ್ರ್ ನಂಬ್ಕಲ್ದಾ? ಸೀರಿಗೆ ಅಂಗ್ಡಿ ಹೆಸ್ರ್ ಇರತ್, ಸಂಘದ್ ಹೆಸ್ರ್ ಇರತ್. ನೇಯ್ದವ್ರ ಹೆಸ್ರ್ ಎಲ್ಲಿ ಇರತ್?” ಎಂದು ಕೇಳುತ್ತಾರೆ. ಬಸ್ಸು ಬಂತು, ಆ ಹೆಂಗಸು ಹತ್ತಿ ಹೋದರು. ನೇಯ್ದ ಬಟ್ಟೆಯ ಮೇಲೆ ಒಂದು ಸಲವಾದರೂ ತನ್ನ ಹೆಸರು ಇರಬೇಕು ಎಂಬ ಆಸೆ ಅಂದಿನದು.

ಆ ಆಸೆಗೆ ದಾರಿ ತೋರಿಸಿದ್ದು ಚಂದನಾ. ಹಾಸನದ ಕಡೆಯ ಹುಡುಗಿ, ಮಣಿಪಾಲದಲ್ಲಿ ಜವಳಿ ವಿನ್ಯಾಸ ಕಲಿಸುತ್ತಾಳೆ. ಮೂರು ವರ್ಷದ ಹಿಂದೆ ಲ್ಯಾಪ್‌ಟಾಪ್ ಹೊತ್ತುಕೊಂಡು ಈ ಮನೆಯ ಮೆಟ್ಟಿಲು ಹತ್ತಿದಾಗ ಪದ್ದಕ್ಕ ಅವಳನ್ನು ಗಣತಿಯವಳೆಂದುಕೊಂಡು ರೇಷನ್ ಕಾರ್ಡ್ ತಂದು ಮುಂದಿಟ್ಟಿದ್ದರು. ಮೊದಮೊದಲು ಇಬ್ಬರಿಗೂ ಜಟಾಪಟಿ. ಚಂದನಾ ಕಂಪ್ಯೂಟರಿನಲ್ಲಿ ಬಳುಕುವ ಅಲೆ ಬರೆದು ತರುವಳು. “ನೂಲಿಗೆ ಬಳ್ಕುಕೆ ಬತ್ತಿಲ್ಲೆ ಮಗಾ, ಮೆಟ್ಲ್ ಹತ್ತುಕೆ ಮಾತ್ರ ಗೊತ್ತ್,” ಎಂದು ಪದ್ದಕ್ಕ ವಾಪಸು ಕಳಿಸುವರು. ಅವಳು ಚೌಕಗಳನ್ನು ಸಣ್ಣದು ಮಾಡಿ, ಮೆಟ್ಟಿಲನ್ನು ಅಲೆಯಾಗಿಸಿ ಮತ್ತೆ ತರುವಳು. ದೂರದಿಂದ ನೋಡಿದರೆ ಅದು ಬಳುಕುತ್ತಿತ್ತು. ಪದ್ದಕ್ಕ ಮೂಗಿನ ಮೇಲೆ ಬೆರಳಿಟ್ಟರು. ಅಲ್ಲಿಂದ ಮುಂದೆ ಈ ಮನೆಯಲ್ಲಿ ಕಂಪ್ಯೂಟರೂ ಮಗ್ಗವೂ ಹಾಸುಹೊಕ್ಕಾದವು. ಚಿತ್ರ ಯಾರದ್ದು, ನೇಯ್ಗೆ ಯಾರದ್ದು ಎಂದು ಬೇರ್ಪಡಿಸಿ ಹೇಳುವುದು ಈಗ ಇಬ್ಬರಿಗೂ ಕಷ್ಟ.

ಹೋದ ವರ್ಷ ಚಂದನಾ ದೊಡ್ಡದೊಂದು ಯೋಚನೆ ತಂದಳು. ಬೆಂಗಳೂರಿನಲ್ಲಿ ಕೈಮಗ್ಗ ಮತ್ತು ಕಂಪ್ಯೂಟರ್ ಸೇರಿ ಮಾಡಿದ ಬಟ್ಟೆಗಳ ಪ್ರದರ್ಶನ ನಡೆಯಲಿತ್ತು. ಅದಕ್ಕೆ ಇಲ್ಲಿಯ ಸಮುದ್ರವನ್ನೇ ನೇಯೋಣ, ಅಂದರೆ ನೀರನ್ನಲ್ಲ, ನೀರಿನ ಮೇಲೆ ಒಂದು ದೋಣಿ ಓಡಾಡಿದ ದಾರಿಯನ್ನು. ಈಗ ಚಿಕ್ಕ ದೋಣಿಯಲ್ಲೂ ಜಿಪಿಎಸ್ ಇದೆ, ಹೋದ ದಾರಿಯೆಲ್ಲ ಅದರಲ್ಲಿ ಗೆರೆಯಾಗಿ ಉಳಿಯುತ್ತದೆ. ಒಂದು ಹಂಗಾಮಿನ ಗೆರೆಗಳನ್ನೆಲ್ಲ ಚೌಕ ಮಾಡಿ ಮಗ್ಗಕ್ಕೆ ಇಳಿಸಿದರೆ ಹೇಗೆ ಎಂದಳು. ದೋಣಿ ಬೇಕಲ್ಲ? ಪದ್ದಕ್ಕನಿಗೆ ಗುರುತಿದ್ದದ್ದು ಸೂರ. ಹಂಗಾರಕಟ್ಟೆಯಿಂದ ಸಣ್ಣ ದೋಣಿಯಲ್ಲಿ ಗಾಳ ಹಾಕಲು ಹೋಗುವ ಮೊಗವೀರ, ಪದ್ದಕ್ಕನ ಅಡುಗೆಮನೆಗೆ ವರ್ಷಗಟ್ಟಲೆ ಮೀನು ಕೊಟ್ಟವನು. ಕೇಳಿದ್ದಕ್ಕೆ “ಪದ್ದಕ್ಕ ನೇಯುದಾರೆ ಅಡ್ಡಿಲ್ಲೆ” ಎಂದು ಯಂತ್ರವನ್ನೇ ಬಿಚ್ಚಿ ತಂದ.

ಮುಂದಿನ ಎಡವಟ್ಟಿಗೆ ಕಾರಣ ಯಂತ್ರವಲ್ಲ, ಮಗ್ಗವೂ ಅಲ್ಲ. ಎರಡೂವರೆ ಅಕ್ಷರದ ಒಂದು ಮಾತು.

ಕುಂದಾಪುರದ ಕಡೆಯ ಕನ್ನಡದಲ್ಲಿ ‘ಇತ್ತ್’ ಎಂದರೆ ‘ಇದೆ’ ಎಂದು ಅರ್ಥ. ‘ಮನೆಯಲ್ಲಿ ನೆಂಟರಿತ್ತ್’ ಎಂದರೆ ನೆಂಟರು ಈಗಲೇ ಒಳಗೆ ಕೂತು ಚಾ ಕುಡಿಯುತ್ತಿದ್ದಾರೆ. ಹೊರಗಿನವರಿಗೆ ಇದು ಗೊತ್ತಾಗುವ ಹೊತ್ತಿಗೆ ಒಂದೆರಡು ಬಸ್ಸು ತಪ್ಪಿರುತ್ತದೆ. ‘ಬಸ್ಸಿತ್ತ್’ ಎಂದರೆ ಹೋಯಿತೆಂದುಕೊಂಡು ಆಟೋ ಹತ್ತುವವರನ್ನು ನೋಡಿ ಇಲ್ಲಿಯವರು ಎಷ್ಟೋ ಸಲ ನಕ್ಕಿದ್ದಾರೆ.

ಲ್ಯಾಪ್‌ಟಾಪಿನ ಪರದೆಯಲ್ಲಿ ಗೆರೆಗಳೆಲ್ಲ ಮೂಡಿದಾಗ, ದಡದಿಂದ ಬಲು ದೂರ ಒಂದು ಕಡೆ ಅವು ಒಂದರ ಮೇಲೊಂದು ಬಿದ್ದು ಗಂಟಾಗಿ ಕಾಣುತ್ತಿದ್ದವು. ಅದೇನೆಂದು ಚಂದನಾ ಕೇಳಿದಳು. ಸೂರ ದನಿ ತಗ್ಗಿಸಿ ಹೇಳಿದ: “ಅಲ್ಲಿ ಅಪ್ಪಯ್ಯನ ಕಲ್ಲಿತ್ತ್.” ನೀರಿನ ಅಡಿಯಲ್ಲಿ ಬಂಡೆ ಇರುವ ಜಾಗ ಅದು. ಮುರು, ಕೆಂಬೇರಿಯಂಥ ಒಳ್ಳೆಯ ಮೀನು ಬಂಡೆಯ ಸಂದಿಯಲ್ಲೇ ನಿಲ್ಲುವುದು. ಸೂರನ ಅಪ್ಪ ದಡದ ಮರ, ಹಿಂದಿನ ಗುಡ್ಡ ಎರಡನ್ನೂ ಒಂದೇ ಗೆರೆಗೆ ತಂದು ನೋಡಿ ಆ ಕಲ್ಲನ್ನು ಹುಡುಕಿದ್ದು. ಸಾಯುವ ಮೊದಲು ಮಗನಿಗೊಬ್ಬನಿಗೆ ಮಾತ್ರ ತೋರಿಸಿಕೊಟ್ಟದ್ದು. ಬೇರೆ ದೋಣಿ ಹತ್ತಿರ ಸುಳಿದರೆ ಸೂರ ಗಾಳ ಎತ್ತಿ ಬೇರೆ ಕಡೆ ಹೋಗಿಬಿಡುತ್ತಾನೆ. ಕಲ್ಲಿನ ಮಾತು ಹೊರಗೆ ಆಡಬಾರದೆಂದು ಹೇಳಿಕೊಡಬೇಕಾದ ಜನ ಲೋಕದಲ್ಲಿ ಇದ್ದಾರೆಂದೇ ಅವನಿಗೆ ಗೊತ್ತಿರಲಿಲ್ಲ. ಅದಕ್ಕೇ ‘ಇದನ್ನು ಹಾಕಬೇಡಿ’ ಎನ್ನಲಿಲ್ಲ.

ಹಾಸನದ ಕಿವಿಗೆ ಅದು ಕೇಳಿಸಿದ್ದೇ ಬೇರೆ. ತೀರಿಕೊಂಡ ಅಪ್ಪ, ಹಿಂದೆಂದೋ ಇದ್ದ ಕಲ್ಲು, ಈಗಿಲ್ಲ. ಚಂದನಾಳ ಕಣ್ಣು ತುಂಬಿಬಂತು. ಬೇರೆಲ್ಲ ಗೆರೆಗೆ ನೀಲಿ, ಹಸಿರು ಕೊಟ್ಟವಳು ಆ ಗಂಟಿಗೆ ಕೆಂಪು ಕೊಟ್ಟಳು. ನೇಯುವಾಗ ಪದ್ದಕ್ಕ ಕೇಳದೆ ಇರಲಿಲ್ಲ, ಇದೆಂತ ನಡುವಿನಲ್ಲಿ ಕೆಂಪು ಎಂದು. “ಅಲ್ಲೊಂದು ಕಲ್ಲಿತ್ತಂತೆ ಪದ್ದಕ್ಕ, ಸೂರಣ್ಣನೇ ಹೇಳಿದ್ರು,” ಎಂದಳು ಚಂದನಾ. ಪದ್ದಕ್ಕನ ಕಿವಿಗೆ ಅದು ‘ಕಲ್ಲು ಇದೆಯಂತೆ’ ಎಂದೇ ಬಿತ್ತು. ಇದೆ, ಸೂರನೇ ತೋರಿಸಿದ್ದಾನೆ, ಬಟ್ಟೆಯಲ್ಲಿ ಹಾಕು ಎಂದೂ ಹೇಳಿರಬೇಕು, ಇನ್ನು ತನಗೇಕೆ ಎಂದುಕೊಂಡು ಕೆಂಪು ನೂಲು ಎತ್ತಿಕೊಂಡರು. ಒಂದೇ ಮಾತು ಎರಡು ಬಾಯಿ ದಾಟಿತು, ಎರಡು ಕಡೆಯೂ ತಪ್ಪಾಗಿ ಕೇಳಿಸಿತು, ಮೂವರೂ ಸಮಾಧಾನದಿಂದಲೇ ಇದ್ದರು.

ಬಟ್ಟೆ ಶುರುವಾಗುವುದು ದಡದಿಂದ. ಮೊದಲು ನೆಲ, ಅದರಲ್ಲಿ ಹೊಳೆ ಕಡಲು ಸೇರುವ ಅಳಿವೆ, ಅಳಿವೆಯ ಬಾಯಿಂದ ಹೊರಡುವ ಗೆರೆಗಳು, ಆಮೇಲೆ ಕಡಲು. ನೆಲವನ್ನು ಯಾವುದರಿಂದ ತುಂಬಿಸುವುದೆಂದು ಕೇಳಿದಾಗ ಚಂದನಾ ನಕ್ಕು, ಬರೆದದ್ದನ್ನು ತಿರುಗಿಸಿ ತೋರಿಸಿದಳು. ದಡದ ಉದ್ದಕ್ಕೂ ಅಕ್ಷರಗಳು: ‘ಪದ್ಮಾವತಿ ಶೆಟ್ಟಿಗಾರ್, ಸಾಸ್ತಾನ’. ನೆಲವೆಲ್ಲ ಆ ಹೆಸರೇ. ಪದ್ದಕ್ಕ ಆ ದಿನ ಮಗ್ಗಕ್ಕೆ ಕೂರಲಿಲ್ಲ. ಮರುದಿನ ‘ಪ’ ಅಕ್ಷರದ ಮೊದಲ ಎಳೆ ನುಗ್ಗಿಸುವ ಮೊದಲು ಚೌಕಗಳನ್ನು ಮೂರು ಸಲ ಎಣಿಸಿದ್ದೆ ಎಂದು ಈಗ ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತಾರೆ. ನಾಗಪ್ಪಯ್ಯ ಅದಕ್ಕಿಂತ ಮುಂದೆ. “ನಾಲ್ಕ್ ದಿನ ಇವ್ಳ್ ಮಾತೇ ಆಡ್ಲಿಲ್ಲೆ ಮಾರಾಯ್ರೆ. ಅಕ್ಷರ ತಪ್ಪತ್ ಅಂದೇಳಿ ನಂಗೆ ಕೆಮ್ಮುಕೂ ಬಿಡ್ಲಿಲ್ಲೆ,” ಎನ್ನುತ್ತಾರೆ.

ನೇಯ್ದ ಬಟ್ಟೆ ಮಗ್ಗದಲ್ಲೇ ಸುತ್ತಿಕೊಳ್ಳುತ್ತ ಹೋಗುತ್ತದೆ, ನೇಯುವವರ ಕಣ್ಣಿಗೆ ಕಾಣುವುದು ಎದುರಿನ ಒಂದು ಮೊಳ ಮಾತ್ರ. ಹೆಸರು ಒಳಗೆ ಸರಿಯಿತು, ಅದರ ಮೇಲೆ ಕಡಲು ಸುತ್ತಿಕೊಂಡಿತು. ದೀಪಾವಳಿ ದಾಟಿ, ಚಳಿ ದಾಟಿ, ಸೆಕೆ ಏರುವ ಹೊತ್ತಿಗೆ ಬಟ್ಟೆ ಮುಗಿಯಿತು. ಮಗ್ಗದಿಂದ ಬಿಡಿಸಿದ್ದು ಒಂದು ಶನಿವಾರ. ಮರುದಿನ ಬೆಳಿಗ್ಗೆ ಹತ್ತಕ್ಕೆ ಸಂಘದ ಕಟ್ಟಡದಲ್ಲಿ ಊರವರಿಗೆ ತೋರಿಸುವುದು, ಮಧ್ಯಾಹ್ನ ಬೆಂಗಳೂರಿಗೆ ಕಳಿಸುವುದು ಎಂದಾಗಿತ್ತು. ಸೂರನ ದೋಣಿಯ ದಾರಿ ಬಟ್ಟೆಯಾಗಿದೆ ಎಂಬ ಸುದ್ದಿ ದೋಣಿ ಕಟ್ಟುವ ದಕ್ಕೆಯಲ್ಲೆಲ್ಲ ಹಬ್ಬಿತ್ತು. ಹಂಗಾರಕಟ್ಟೆ, ಕೋಡಿ ಕನ್ಯಾನದ ದೋಣಿಯವರೆಲ್ಲ ನೋಡಲು ಬರುವವರಿದ್ದರು.

ಭಾನುವಾರ ಏಳು ಗಂಟೆಗೆ, ಪದ್ದಕ್ಕ, ನಾಗಪ್ಪಯ್ಯ, ಚಂದನಾ ಬಟ್ಟೆ ತೂಗುಹಾಕಿ ಮುಗಿಸುವಾಗಲೇ, ಊರವರಿಗಿಂತ ಮೊದಲು ಬಂದವನು ಸೂರ. ದೋಣಿ ಕಟ್ಟಿ, ಉಪ್ಪುನೀರಿನ ಕಾಲಲ್ಲೇ ಬಂದಿದ್ದ. ಬಟ್ಟೆ ಗೋಡೆಯ ಮೇಲೆ ತೂಗುತ್ತಿತ್ತು. ಅಡಿಯಲ್ಲಿ ನೆಲ, ಮೇಲಕ್ಕೆ ಕಡಲು. ಅವನು ಅಳಿವೆಯಿಂದ ಶುರುಮಾಡಿ ಒಂದೊಂದೇ ಗೆರೆಯ ಹಿಂದೆ ಕಣ್ಣು ಕಳಿಸಿದ, ಎರಡು ಸಲ ನಕ್ಕ. ಕಣ್ಣು ಕೆಂಪಿಗೆ ಬಂದಾಗ ನಗು ನಿಂತಿತು.

“ಇದೆಂತ ಇಲ್ಲಿ ಕೆಂಪ್?” ಎಂದ.

“ನೀವೇ ಹೇಳಿದ್ರಲ್ಲ ಸೂರಣ್ಣ, ಅಲ್ಲಿ ನಿಮ್ಮ ತಂದೆಯವರ ಕಲ್ಲಿತ್ತು ಅಂತ,” ಎಂದಳು ಚಂದನಾ. “ಈಗ ಇಲ್ವಲ್ಲ, ಅವರ ನೆನಪಿಗೆ ಅಂತ ಹಾಕಿದೆ.”

“ಈಗ ಇಲ್ಲೆ ಅಂದೇಳಿ ಯಾರ್ ಹೇಳ್ರ್? ಇತ್ತ್! ಅಲ್ಲೇ ಇತ್ತ್! ನಾ ನಿನ್ನೆಯೂ ಅಲ್ಲೇ ಗಾಳ ಹಾಕಿ ಬಂದಿದೆ!”

ಚಂದನಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಪದ್ದಕ್ಕನಿಗೆ ಅಷ್ಟೂ ಬೇಕಾಗಲಿಲ್ಲ. ಸೂರ ಅಳಿವೆಯ ಬಾಯಿಗೆ ಹೆಬ್ಬೆರಳಿಟ್ಟು, ಗೇಣು ಗೇಣಾಗಿ ಕೆಂಪಿನವರೆಗೆ ಅಳೆದು ತೋರಿಸಿದ. ದೋಣಿಯವನಿಗೆ ಇಷ್ಟು ಸಾಕು. ಎಷ್ಟು ದೂರ, ಯಾವ ದಿಕ್ಕು, ಎಲ್ಲ ಗೋಡೆಯ ಮೇಲಿದೆ. ಹತ್ತು ಗಂಟೆಗೆ ಬರುವವರೆಲ್ಲ ದೋಣಿಯವರೇ.

ಚಂದನಾ ಅಳುತ್ತಲೇ ದಾರಿ ಹುಡುಕಿದಳು. ಕೆಂಪು ನೂಲು ಕಿತ್ತುಬಿಡೋಣ ಎಂದಳು. ಆಗ ಸುತ್ತಲಿನ ಗೆರೆಗಳೆಲ್ಲ ಆ ಖಾಲಿ ಜಾಗಕ್ಕೇ ಬೆರಳು ತೋರಿಸುತ್ತವೆ ಎಂದ ಸೂರ. ಬಟ್ಟೆಯನ್ನೇ ತೋರಿಸುವುದು ಬೇಡ, ಬೆಂಗಳೂರಿಗೂ ಬೇಡ ಎಂದಳು. ಅದಕ್ಕೆ ಸೂರ ಒಪ್ಪಲಿಲ್ಲ. ಪದ್ದಕ್ಕನ ಹೆಸರು ಅವನಿಗೂ ಕಾಣುತ್ತಿತ್ತು, ಅಡಿಯಲ್ಲಿ ಉದ್ದಕ್ಕೆ. ಅವನು ತಲೆಗೆ ಕಟ್ಟಿದ ಟವಲು ಬಿಚ್ಚಿ ಮುಖ ಒರೆಸಿಕೊಂಡ. “ಬಿಡಿ ಪದ್ದಕ್ಕ. ನೀವ್ ತಿಂಗ್ಳಗಟ್ಲೆ ಕೂಕಂಡ್ ನೇಯ್ದದ್. ಹೆಸ್ರ್ ಬಂದಿತ್ತ್ ನಿಮ್ದ್. ಕಡ್ಲ್ ದೊಡ್ಡದಿತ್ತ್, ಬೇರೆ ಕಲ್ಲ್ ಹುಡ್ಕ್ತೆ,” ಎಂದ.

ಈ ಒಂದು ಕಲ್ಲು ಹುಡುಕಲು ಅವನ ಅಪ್ಪನಿಗೆ ಒಂದು ಆಯುಷ್ಯ ಹಿಡಿದಿತ್ತು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಪದ್ದಕ್ಕ ಬಟ್ಟೆಯ ಮುಂದೆ ಸುಮಾರು ಹೊತ್ತು ನಿಂತರು. ಆ ಹೊತ್ತಿನಲ್ಲಿ ಏನು ಯೋಚಿಸಿದಿರಿ ಎಂದು ಕೇಳಿದರೆ ಅವರು ಮುಚ್ಚಿಡುವುದಿಲ್ಲ. ಮೊದಲು ಬಂದ ಯೋಚನೆ, ಸೂರ ಹೇಗೂ ಬಿಡಿ ಎಂದಿದ್ದಾನಲ್ಲ, ಬಿಟ್ಟುಬಿಡೋಣ ಎಂದೇ. “ದೇವ್ರಾಣೆ ಹಾಂಗೇ ಅನ್ಸಿತ್. ಹೆಸ್ರ್ ಕಂಡ್ರೆ ಕಣ್ಣ್ ತೆಗುಕಾತಿಲ್ಲೆ. ಅದ್ರ ಮೇಲೆ ಕೆಂಪ್ ಕಂಡ್ರೆ ಸೂರಣ್ಣನ ಮೋರಿ ಕಾಂತ್. ಎರಡೂ ಒಂದೇ ಬಟ್ಟಿಯಗಿತ್ತಲೆ,” ಎನ್ನುತ್ತಾರೆ. ಆಮೇಲೆ ಸೂರನನ್ನು ಒಂದು ಮಾತು ಕೇಳಿದರು. ದಡ ಕಾಣದಿದ್ದರೆ ಕಲ್ಲು ಸಿಗುತ್ತದೆಯೇ? ಸೂರ ಇಲ್ಲವೆಂದು ತಲೆಯಾಡಿಸಿದ. ಮರವೂ ಗುಡ್ಡವೂ ಕಾಣದಂತೆ ಮೋಡ ಕವಿದ ದಿನ ಅವನ ಅಪ್ಪನೇ ಎಷ್ಟೋ ಸಲ ಬರಿಗೈಯಲ್ಲಿ ಬಂದದ್ದುಂಟು. ದಡವಿಲ್ಲದೆ ಅಳೆಯುವುದು ಎಲ್ಲಿಂದ?

“ಹಂಗಾರೆ ಬಟ್ಟಿ ಇಳ್ಸಿ,” ಎಂದರು ಪದ್ದಕ್ಕ.

ನೇಕಾರರು ಬಟ್ಟೆಯನ್ನು ಕಣ್ಣಂದಾಜಿನಲ್ಲಿ ಕತ್ತರಿಸುವುದಿಲ್ಲ. ಎಲ್ಲಿ ಕತ್ತರಿಸಬೇಕೋ ಅಲ್ಲಿ ಅಡ್ಡಕ್ಕೆ ಹಾಯ್ದ ಒಂದು ಹೊಕ್ಕಿನ ಎಳೆಯನ್ನು ಪೂರ್ತಿ ಎಳೆದು ತೆಗೆಯುತ್ತಾರೆ. ಎಳೆ ಹೋದ ಜಾಗದಲ್ಲಿ ಸಣ್ಣ ಗೆರೆ ಬೀಳುತ್ತದೆ, ಕತ್ತರಿ ಆ ಗೆರೆ ಹಿಡಿದು ಹೋಗುತ್ತದೆ. ಪದ್ದಕ್ಕ ಗೆರೆಯನ್ನು ಎಳೆದದ್ದು ನೆಲದ ಅಂಚಿನಲ್ಲಲ್ಲ. ಅಳಿವೆಯಿಂದ ಹೊರಟ ದಾರಿಗಳು ಒಂದರಿಂದೊಂದು ಬೇರೆಯಾಗಿ, ಎಲ್ಲಿಂದ ಹೊರಟವು ಎಂದು ಹೇಳಲಾಗದಷ್ಟು ಹರಡಿಕೊಂಡ ಮೇಲೆ. ಹೆಸರಿನ ಹತ್ತಿರದ ಕಡಲೂ ಹೆಸರಿನ ಜೊತೆಗೆ ಹೋಗಬೇಕಿತ್ತು. ಚಂದನಾ ಅವರ ಕೈ ಹಿಡಿದುಕೊಂಡು, “ಹೆಸರನ್ನಾದ್ರೂ ಕತ್ತರಿಸಿ ಮೇಲೆ ಹೊಲಿಯೋಣ ಪದ್ದಕ್ಕ,” ಎಂದಳು. “ಹೊಲ್ದ ಹೆಸ್ರ್ ಯಾರೂ ಹೊಲಿಲಕ್ಕ್. ಅದ್ ನೇಯ್ದವ್ರದ್ದ್ ಅಂದೇಳಿ ಹ್ಯಾಂಗ್ ಗೊತ್ತಾಪುದ್? ಬ್ಯಾಡ ಮಗಾ,” ಎಂದು ಅವಳ ಕೈ ಬಿಡಿಸಿದರು. ಸಂಘದ ಟೇಲರಿಂಗ್ ಕೋಣೆಯಿಂದ ತಂದ ಕತ್ತರಿ ಬಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿ ಮುಟ್ಟಿತು. ನಾಗಪ್ಪಯ್ಯ ಹೊರಗೆ ಹೋಗಿ ನಿಂತಿದ್ದರು. ಅವರೂ ನೇಕಾರರೇ, ಆ ಸದ್ದು ಕೇಳಲು ಅವರಿಂದ ಆಗಲಿಲ್ಲ.

ಹತ್ತು ಗಂಟೆಗೆ ಜನ ಬಂದರು. ಕೋಡಿ ಕನ್ಯಾನದ ಭೋಜರಾಜ, ಸೂರನ ಮೀನು ಎಲ್ಲಿಂದ ಬರುತ್ತದೆಂದು ವರ್ಷಗಳಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುವವನು, ಬಟ್ಟೆಯ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತ. ಕತ್ತು ಎಡಕ್ಕೆ ಓರೆ ಮಾಡಿದ, ಬಲಕ್ಕೆ ಮಾಡಿದ. ಕೆಂಪಿನ ಮೇಲೆ ಬೆರಳಿಟ್ಟು ಗೇಣು ಹಾಕಲು ಹೋಗಿ, ಇನ್ನೊಂದು ಬೆರಳು ಎಲ್ಲಿಡುವುದೆಂದು ತಿಳಿಯದೆ ಕೈ ಹಿಂದೆ ತೆಗೆದ. “ಎಂತ ಸಾವ್ ಮಾರಾಯ್ರೆ ಇದ್, ದಡವೇ ಇಲ್ಲೆ!” ಎಂದು ನಕ್ಕ. ಸೂರನೂ ನಕ್ಕ. ಪದ್ದಕ್ಕ ಒಳಗಿನ ಕೋಣೆಯಲ್ಲಿ ಚಾ ಸೋಸುತ್ತಿದ್ದರು, ಆ ನಗು ಕೇಳಿದ ಮೇಲೆ ಲೋಟಗಳನ್ನು ತಟ್ಟೆಗೆ ಜೋಡಿಸಿ ಹೊರಗೆ ತಂದರು.

ಬಟ್ಟೆ ಬೆಂಗಳೂರಿಗೆ ಹೋಯಿತು. ದಡವಿಲ್ಲದ ಕಡಲನ್ನು ಅಲ್ಲಿಯವರು ಮೆಚ್ಚಿಕೊಂಡರು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಗೆರೆಗಳಿಗೆ ದೊಡ್ಡ ದೊಡ್ಡ ಅರ್ಥ ಹೇಳಿದರು. ಚಂದನಾ ಯಾರಿಗೂ ಕಾರಣ ಹೇಳಲಿಲ್ಲ. ಗೋಡೆಯ ಚೀಟಿಯಲ್ಲಿ ಪದ್ದಕ್ಕನ ಹೆಸರನ್ನು ತನ್ನ ಹೆಸರಿಗಿಂತ ಮೇಲೆ ಬರೆಸಿದ್ದಳು, ಅದರ ಫೋಟೋ ಮೊಬೈಲಿಗೆ ಕಳಿಸಿದ್ದಳು. ಪದ್ದಕ್ಕ ಅದನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಪ್ರದರ್ಶನ ಮುಗಿಯಿತು, ಬಟ್ಟೆಯನ್ನು ಅಲ್ಲಿಯ ಸಂಗ್ರಹಕ್ಕೆ ಇಟ್ಟುಕೊಂಡರು. ಚೀಟಿ ಏನಾಯಿತೆಂದು ಗೊತ್ತಿಲ್ಲ. ಇಂದು ಆ ಬಟ್ಟೆಯನ್ನು ಬಿಡಿಸಿ ನೋಡುವವರಿಗೆ ಅದನ್ನು ನೇಯ್ದವರು ಯಾರೆಂದು ಬಟ್ಟೆ ಹೇಳುವುದಿಲ್ಲ.

ಸೂರ ಆ ವಾರ ಎರಡು ಕೆಂಬೇರಿ ತಂದು ಅಡುಗೆಮನೆಯ ಬಾಗಿಲಲ್ಲಿಟ್ಟು ಹೋಗಿದ್ದ. ಈಗಲೂ ತರುತ್ತಾನೆ. ಕತ್ತರಿಸಿದ ತುಂಡು ಇರುವುದು ಪದ್ದಕ್ಕನ ಟ್ರಂಕಿನಲ್ಲಿ, ಮದುವೆ ಸೀರೆಯ ಅಡಿಯಲ್ಲಿ. ಮನೆಗೆ ಯಾರೇ ಬಂದರೂ ನಾಗಪ್ಪಯ್ಯ ಅದನ್ನು ತೆಗೆದು ತೋರಿಸುತ್ತಾರೆ, ಯಾರೇ ಬಂದರೂ ಪದ್ದಕ್ಕ ಬೈಯುತ್ತಾರೆ. ಬಿಡಿಸಿ ನೋಡಿದರೆ ದುಂಡು ದುಂಡು ಅಕ್ಷರ, ಅದರ ಪಕ್ಕ ಅಳಿವೆ, ಹೊರಟು ಅಲ್ಲೇ ನಿಂತುಹೋದ ಒಂದಿಷ್ಟು ನೀಲಿ ಗೆರೆ.

ಹೊರಗೆ ಬಿಸಿಲು ಏರಿದೆ. ಸೆರಗಿನ ಏಡಿಗಳು ಈ ಸಲ ಸರಿಯಾಗಿ ಅಡ್ಡಕ್ಕೇ ನಡೆಯುತ್ತಿವೆ. ಬೇಜಾರಾಗಲಿಲ್ಲವೇ ಎಂದು ಕೇಳಿದರೆ ಪದ್ದಕ್ಕ ಲಾಳಿಯನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ.

“ಆಯ್ತ್. ಸುಳ್ಳ್ ಎಂತಕ್ ಹೇಳುದ್? ಮನಿಗ್ ಬಂದ್ ಕಣ್ಣೀರ್ ಹಾಕಿದೆ. ಆರೆ ಅವ್ರ ಕಲ್ಲ್ ಹೋಯಿದ್ರೆ ನನ್ ಹೆಸ್ರ್ ಕಂಡಾಗೆಲ್ಲ ಊರವ್ರ್ ಎಂತ ಹೇಳ್ತಿದ್ರ್? ಕಲ್ಲ್ ಕಳ್ದವ್ಳ್ ಇವ್ಳೇ ಅಂದೇಳಿ, ಅಲ್ದಾ?” ಲಾಳಿ ಕೈಗೆತ್ತಿಕೊಂಡು, ಕಾಲಿನಿಂದ ಹಲಗೆ ತುಳಿಯುತ್ತಾರೆ. “ಮಳಿ ಮುಗ್ದ್ ಮೇಲೆ ಇನ್ನೊಂದ್ ಕಡ್ಲ್ ನೇಯ್ತೆ. ಸೂರಣ್ಣ ಬೇರೆ ದಾರಿ ಕೊಡ್ತೆ ಅಂದಿದ್ರ್, ಕಲ್ಲ್ ಇಲ್ದಿದ್ದದ್. ಈ ಸಲ ನನ್ ಹೆಸ್ರ್ ದಡದಗೆ ಬ್ಯಾಡ, ನಡು ಕಡ್ಲಿಗೆ ಹಾಕ್ ಅಂದೇಳಿ ಚಂದನಂಗೆ ಹೇಳಿದೆ. ಅಲ್ಲಿಗಾರೆ ನನ್ ಕತ್ರಿಯೂ ಎಟ್ಕುದಿಲ್ಲೆ.”